‘ರಿಫಾರ್ಮ್’ ಅಂದರೆ ಯಾವ ಕಡೆಗೆ?

ಡೆಸ್ಕ್‌ನಲ್ಲಿ ಕೂತು ಏಜೆನ್ಸಿ ಸುದ್ದಿಯನ್ನು ಕನ್ನಡಕ್ಕೆ ತರುವವರಿಗೆ ಕೆಲವು ಪದಗಳು ಬೆರಳ ತುದಿಯಲ್ಲೇ ಇರುತ್ತವೆ. ಯೋಚನೆ ಮಾಡುವ ಮೊದಲೇ ಟೈಪ್ ಆಗಿಬಿಟ್ಟಿರುತ್ತವೆ. ‘ರಿಫಾರ್ಮ್’ ಕಂಡರೆ ‘ಸುಧಾರಣೆ’. ನಾನೂ ವರ್ಷಗಟ್ಟಲೆ ಹಾಗೇ ಬರೆದೆ.

2023ರ ಮಾರ್ಚ್‌ನಲ್ಲಿ ಪ್ಯಾರಿಸ್‌ನಿಂದ ಫೋಟೊಗಳು ಬರುತ್ತಿದ್ದವು. ಫುಟ್‌ಪಾತ್ ಮೇಲೆ ಆಳೆತ್ತರದ ಕಸದ ರಾಶಿ. ಅದರ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕಾಫಿ ಕುಡಿಯುವ ಜನ. ಕಸ ಎತ್ತುವವರು ಮುಷ್ಕರ ಹೂಡಿದ್ದರು. ಊರಲ್ಲಿ ಸುಮಾರು 10,000 ಟನ್ ಕಸ ಬಿದ್ದಿದೆ ಅಂತ ಸುದ್ದಿ. ನಾನು ಶೀರ್ಷಿಕೆ ಕೊಟ್ಟೆ: ‘ಪಿಂಚಣಿ ಸುಧಾರಣೆ ವಿರೋಧಿಸಿ ಪ್ಯಾರಿಸ್‌ನಲ್ಲಿ ಮುಷ್ಕರ’. ಪುಟ ಮಾಡುತ್ತಿದ್ದ ಹುಡುಗ ತಿರುಗಿ ಕೇಳಿದ: ‘ಸಾರ್, ಸುಧಾರಣೆ ಅಂದ್ರೆ ಒಳ್ಳೇದಲ್ವಾ? ಅದನ್ನ ಯಾಕೆ ವಿರೋಧಿಸ್ತಾರೆ?’

ಪುಟ ಕಳಿಸುವ ಹೊತ್ತು ಮೀರಿತ್ತು. ‘ರಿಟೈರ್ ಆಗೋ ವಯಸ್ಸು ಜಾಸ್ತಿ ಮಾಡ್ತಿದ್ದಾರಪ್ಪ’ ಅಂದು ಸುಮ್ಮನಾದೆ. ಆದರೆ ಅವನು ಕೇಳಿದ್ದು ಫ್ರಾನ್ಸ್ ಬಗ್ಗೆ ಅಲ್ಲ, ಪದದ ಬಗ್ಗೆ. ಆಮೇಲೆ ನಾನು ಆ ಪದದ ಬೆನ್ನು ಹತ್ತಿದೆ.

ಯುರೋಪಿನ ಯಾವ ಮೂಲೆಗೆ ಹೋದರೂ ಈ ಪದ ಸಿಗುತ್ತದೆ. ಫ್ರೆಂಚಿನಲ್ಲಿ ರೆಫಾರ್ಮ್. ಜರ್ಮನ್, ಸ್ವೀಡಿಷ್, ಹಂಗೇರಿಯನ್, ಟರ್ಕಿಷ್‌ನಲ್ಲಿ ರೆಫಾರ್ಮ್. ಸ್ಪ್ಯಾನಿಷ್, ಪೋರ್ಚುಗೀಸ್, ಪೋಲಿಷ್, ರಷ್ಯನ್‌ನಲ್ಲಿ ಉಚ್ಚಾರ ಚೂರು ಆಚೀಚೆ ಆಗಿ ರೆಫೋರ್ಮಾ. ಇಟಲಿಯಲ್ಲಿ ರಿಫೋರ್ಮಾ. ಹಂಗೇರಿಯನ್ ಮತ್ತು ಟರ್ಕಿಷ್ ಈ ಕುಟುಂಬದ ಭಾಷೆಗಳೇ ಅಲ್ಲ, ಆದರೂ ಅಲ್ಲಿಗೂ ಹೋಗಿ ಕೂತಿದೆ. ಬ್ರಸೆಲ್ಸ್‌ನಲ್ಲಿ ಯುರೋಪಿಯನ್ ಒಕ್ಕೂಟದ ಕಾಗದಗಳು 24 ಅಧಿಕೃತ ಭಾಷೆಗಳಲ್ಲಿ ಓಡಾಡುತ್ತವೆ. ಅನುವಾದಕರಿಗೆ ಇಷ್ಟು ಸಲೀಸಾದ ಪದ ಇನ್ನೊಂದು ಸಿಗುವುದು ಕಷ್ಟ. ಸಮಸ್ಯೆ ಇರುವುದು ಆ ಸಲೀಸಿನಲ್ಲೇ.

ಮೂಲ ಲ್ಯಾಟಿನ್. ‘ರೆ’ ಅಂದರೆ ಮತ್ತೆ, ‘ಫೋರ್ಮಾ’ ಅಂದರೆ ಆಕಾರ. ಮತ್ತೆ ಆಕಾರ ಕೊಡುವುದು. ರೋಮಿನ ಕವಿ ಓವಿಡ್ ಇದನ್ನು ಬಳಸಿದ ಒಂದು ಜಾಗ ನನಗೆ ಬಹಳ ಇಷ್ಟ. ಮುದುಕ ಅಯೊಲಾಸ್ ಇದ್ದಕ್ಕಿದ್ದಂತೆ ಹುಡುಗನಾಗಿ ಬಾಗಿಲಲ್ಲಿ ಬಂದು ನಿಲ್ಲುತ್ತಾನೆ. ಗಲ್ಲದ ಮೇಲೆ ಆಗಷ್ಟೇ ಚಿಗುರಿದ ಮೀಸೆಗಡ್ಡ. ಅವನ ಮುಖ ‘ರಿಫಾರ್ಮ್’ ಆಗಿದೆ, ಅಂದರೆ ಹಳೆಯ ವಯಸ್ಸಿಗೆ ವಾಪಸಾಗಿದೆ. ಗಮನಿಸಿ, ಇಲ್ಲಿ ಪದ ಹಿಂದಕ್ಕೆ ನೋಡುತ್ತಿದೆ. ಕೆಟ್ಟಿದ್ದನ್ನು ಮೊದಲಿದ್ದ ಹಾಗೆ ಮಾಡುವುದು ಅನ್ನುವ ಅರ್ಥ.

ನಡುಗಾಲದ ಸನ್ಯಾಸಿಗಳೂ ಇದೇ ಅರ್ಥದಲ್ಲಿ ಬಳಸಿದರು. ಮಠಗಳಲ್ಲಿ ದುಡ್ಡು ಜಾಸ್ತಿಯಾಗಿದೆ, ಶಿಸ್ತು ಹೋಗಿದೆ, ಮೂಲ ನಿಯಮಕ್ಕೆ ಮರಳೋಣ ಅಂತ. ಕಾನ್‌ಸ್ಟನ್ಸ್ ಎಂಬ ಊರಿನಲ್ಲಿ 1414ರಿಂದ 1418ರವರೆಗೆ ಚರ್ಚಿನ ಮಹಾಸಭೆ ನಡೆಯಿತು. ಆಗ ಒಂದೇ ಹೊತ್ತಿಗೆ ಮೂವರು ಪೋಪ್‌ಗಳಿದ್ದರು. ಆ ಗೊಂದಲ ಬಗೆಹರಿಸುವುದು ಮತ್ತು ಚರ್ಚನ್ನು ರಿಫಾರ್ಮ್ ಮಾಡುವುದು ಸಭೆಯ ಕೆಲಸಪಟ್ಟಿಯಲ್ಲೇ ಇತ್ತು. ಅದೇ ಸಭೆ 1415ರಲ್ಲಿ, ಚರ್ಚ್ ಬದಲಾಗಬೇಕು ಅಂತ ಬೊಹೆಮಿಯಾದಲ್ಲಿ ಸಾರುತ್ತಿದ್ದ ಯಾನ್ ಹುಸ್ ಎಂಬ ಪಾದ್ರಿಯನ್ನು ಜೀವಂತ ಸುಟ್ಟಿತು. ಎರಡೂ ಕಡೆಯವರು ಬಯಸುತ್ತಿದ್ದುದು ರಿಫಾರ್ಮನ್ನೇ.

ನೂರು ವರ್ಷ ಕಳೆದು 1517ರಲ್ಲಿ ಮಾರ್ಟಿನ್ ಲೂಥರ್ ಎಂಬ ಜರ್ಮನ್ ಸನ್ಯಾಸಿ ಪೋಪ್‌ನ ಚರ್ಚಿನ ವಿರುದ್ಧ ಶುರು ಮಾಡಿದ ಜಗಳಕ್ಕೆ ‘ರಿಫಾರ್ಮೇಶನ್’ ಅನ್ನುವ ಹೆಸರು ಬಂತು. ಪದಕ್ಕೆ ಒಂದು ಪವಿತ್ರ ವಾಸನೆ ಅಂಟಿಕೊಂಡಿದ್ದು ಮುಖ್ಯವಾಗಿ ಇಲ್ಲಿಂದ. ಇದು ಕೇಳಲಿಕ್ಕೆ ಬಹಳ ದೊಡ್ಡ ಸಂಗತಿ, ನಿಜ. ಆದರೆ ಪದದ ಆಟ ನೋಡಬೇಕಾದರೆ ಲೂಥರನ ಜರ್ಮನಿಗಿಂತ ನೆದರ್‌ಲ್ಯಾಂಡ್ಸ್‌ಗೆ ಹೋಗಬೇಕು.

ಅಲ್ಲಿ ಬಹುಕಾಲ ಎರಡು ಮುಖ್ಯ ಪ್ರಾಟೆಸ್ಟೆಂಟ್, ಅಂದರೆ ಪೋಪ್‌ನನ್ನು ಒಪ್ಪದ, ಚರ್ಚ್‌ಗಳಿದ್ದವು. ಒಂದರ ಹೆಸರು ‘ಹೆರ್ಫೋರ್ಮ್ಡ್’. ಇನ್ನೊಂದರ ಹೆಸರು ‘ಖೆರೆಫೊರ್ಮೇರ್ಡ್’. ಎರಡರ ಅರ್ಥವೂ ಒಂದೇ: ರಿಫಾರ್ಮ್ ಆದದ್ದು. ಒಂದು ಡಚ್ ಮಾತು, ಇನ್ನೊಂದು ಲ್ಯಾಟಿನ್‌ನಿಂದ ಬಂದ ಮಾತು. (ಡಚ್ ಮಾತು ಅಂದೆ. ಅದರಲ್ಲಿರುವ ‘ಫೋರ್ಮ್’ ಕೂಡ ಲ್ಯಾಟಿನ್ನಿಂದಲೇ ಬಂದಿದ್ದು. ತಪ್ಪಿಸಿಕೊಳ್ಳಲು ಆಗುವುದೇ ಇಲ್ಲ.) 1834ರಲ್ಲಿ ಮೊದಲು ಒಂದಷ್ಟು ಜನ ದೊಡ್ಡ ಚರ್ಚಿನಿಂದ ಹೊರಬಂದರು. 1886ರಲ್ಲಿ ಇನ್ನಷ್ಟು ಜನ. ನಾವೇ ನಿಜವಾದ ರಿಫಾರ್ಮ್ ಆದವರು ಅಂತ. ಎರಡೂ ಗುಂಪಿನ ಬಹುಪಾಲು ಜನ 1892ರಲ್ಲಿ ಒಂದಾದರು. ಅದು ಅಲ್ಲಿಗೇ ಮುಗಿಯಲಿಲ್ಲ. 1926ರಲ್ಲಿ ಆಸೆನ್ ಎಂಬ ಊರಿನಲ್ಲಿ ಸಭೆ ಕೂತು, ಈಡನ್ ತೋಟದ ಹಾವು ನಿಜವಾಗಿ ಬಾಯಿಬಿಟ್ಟು ಮಾತಾಡಿತೇ ಅನ್ನುವ ಪ್ರಶ್ನೆ ಎತ್ತಿಕೊಂಡಿತು. ಅದನ್ನು ಅಕ್ಷರಶಃ ನಂಬಲೇಬೇಕು ಅಂತ ಒಪ್ಪದ ಪಾದ್ರಿಯೊಬ್ಬರ ಕೆಲಸ ಹೋಯಿತು. ಮತ್ತೆ ಒಡಕು. 1944ರಲ್ಲಿ, ಅದೂ ನಾಜಿಗಳು ದೇಶ ಹಿಡಿದುಕೊಂಡು ಕೂತಿದ್ದಾಗ, ಇನ್ನೊಂದು ಒಡಕು. ಕೊನೆಗೆ 2004ರಲ್ಲಿ ಎರಡು ದೊಡ್ಡ ಚರ್ಚ್‌ಗಳೂ ಲೂಥರನ್ನರ ಜೊತೆ ಸೇರಿ ಒಂದೇ ಚರ್ಚ್ ಆದವು. ಹೊಸ ಹೆಸರಿನಲ್ಲಿ ಆ ಎರಡು ಪದಗಳಲ್ಲಿ ಒಂದನ್ನೂ ಇಟ್ಟುಕೊಳ್ಳಲಿಲ್ಲ. ಸುಮ್ನೆ ಪ್ರಾಟೆಸ್ಟೆಂಟ್ ಚರ್ಚ್ ಅಂದುಬಿಟ್ಟರು. ಜಾಣತನ ಅಲ್ವಾ?

ಲ್ಯಾಟಿನ್ ಪದವನ್ನು ಒಳಗೆ ಬಿಟ್ಟುಕೊಳ್ಳದ ಭಾಷೆಗಳೂ ಇವೆ. ಫಿನ್ನಿಷ್‌ನಲ್ಲಿ ಸರ್ಕಾರದ ಸುಧಾರಣೆಗೆ ‘ಉದಿಸ್ತುಸ್’ ಅನ್ನುತ್ತಾರೆ, ಹೊಸದು ಮಾಡುವುದು ಅಂತ ಅರ್ಥ. ಲೂಥರನ ಚಳವಳಿಗೆ ಅವರ ಹಳೆಯ ಮಾತು ‘ನಂಬಿಕೆ ತೊಳೆಯುವುದು’. ಐಸ್‌ಲ್ಯಾಂಡಿನವರು ಅದನ್ನೇ ‘ನಡೆ ಬದಲಾವಣೆ’ ಅನ್ನುತ್ತಾರೆ. ಗ್ರೀಕರ ಪದದಲ್ಲಿ ‘ರಿದಮ್’ ಇದೆ, ಲಯ ಬದಲಿಸುವುದು ಅಂದ ಹಾಗೆ. ಸ್ವಂತ ಪದ ಕಟ್ಟಿಕೊಂಡವರು ಏನು ಮಾಡುತ್ತಿದ್ದೇವೆ ಅಂತ ಒಂದಿಷ್ಟಾದರೂ ಹೇಳಲೇಬೇಕಾಯಿತು. ತೊಳೆಯುತ್ತಿದ್ದೇವೋ, ಬದಲಿಸುತ್ತಿದ್ದೇವೋ, ಹೊಸದು ಮಾಡುತ್ತಿದ್ದೇವೋ. ಎರವಲು ತಂದವರಿಗೆ ಆ ಕಷ್ಟ ಇರಲಿಲ್ಲ. ರಿಫಾರ್ಮ್ ಅಂದರೆ ರಿಫಾರ್ಮ್.

ಚರ್ಚಿನಿಂದ ಪಾರ್ಲಿಮೆಂಟಿಗೆ ಈ ಪದವನ್ನು ಗಟ್ಟಿಯಾಗಿ ತಂದವರು ಇಂಗ್ಲೆಂಡಿನವರು. ಹತ್ತೊಂಬತ್ತನೇ ಶತಮಾನದ ಶುರುವಿನಲ್ಲಿ ಅಲ್ಲಿನ ಚುನಾವಣೆ ಒಂದು ತಮಾಷೆ. ಓಲ್ಡ್ ಸೇರಮ್ ಅಂತ ಒಂದು ಕ್ಷೇತ್ರ. ಅದು ಜನವೇ ಇಲ್ಲದ ಗುಡ್ಡ, ಆದರೂ ಇಬ್ಬರು ಸಂಸದರು. ಡನಿಚ್ ಎಂಬ ಊರಿನ ಬಹುಭಾಗವನ್ನು ಸಮುದ್ರ ನುಂಗಿತ್ತು, ಆದರೂ ಇಬ್ಬರು. ಗಿರಣಿಗಳ ಹೊಗೆಯಲ್ಲಿ ಬೆಳೆಯುತ್ತಿದ್ದ ಮ್ಯಾಂಚೆಸ್ಟರ್‌ಗೆ ಒಬ್ಬರೂ ಇಲ್ಲ. 1819ರ ಆಗಸ್ಟ್ 16ರಂದು ಅದೇ ಮ್ಯಾಂಚೆಸ್ಟರಿನ ಸೇಂಟ್ ಪೀಟರ್ಸ್ ಮೈದಾನದಲ್ಲಿ ಸುಮಾರು 60,000 ಜನ ರಿಫಾರ್ಮ್ ಬೇಕು ಅಂತ ಸೇರಿದರು. ಕುದುರೆ ಸವಾರರು ಕತ್ತಿ ಹಿರಿದು ನುಗ್ಗಿದರು. ಕನಿಷ್ಠ 15 ಜನ ಸತ್ತರು. 1832ರಲ್ಲಿ ಕಾಯ್ದೆ ಬಂತು. ಓಲ್ಡ್ ಸೇರಮ್ ಥರದ 56 ಕ್ಷೇತ್ರಗಳು ಹೋದವು, ಮ್ಯಾಂಚೆಸ್ಟರ್‌ಗೆ ಇಬ್ಬರು ಸಂಸದರು ಸಿಕ್ಕರು.

ಆಗಿನಿಂದ ಇಂಗ್ಲಿಷ್ ಓದಿದವರ ತಲೆಯಲ್ಲಿ ರಿಫಾರ್ಮ್ ಅಂದರೆ ಹಕ್ಕು ಕೊಡುವುದು, ಬಾಗಿಲು ತೆರೆಯುವುದು. ನಮ್ಮ ‘ಸುಧಾರಣೆ’ಯ ಹಿಂದೆ ಇರುವುದೂ ಈ ಅರ್ಥವೇ. ಆದರೆ ಅದೇ 1832ರ ಕಾಯ್ದೆಯ ಇನ್ನೊಂದು ಸಾಲು ಅಷ್ಟಾಗಿ ಯಾರ ಬಾಯಲ್ಲೂ ಬರುವುದಿಲ್ಲ. ಮತದಾರ ಅಂದರೆ ‘ಪುರುಷ ವ್ಯಕ್ತಿ’ ಅಂತ ಆ ಕಾಯ್ದೆ ಬಿಡಿಸಿ ಬರೆಯಿತು. ಅದಕ್ಕೂ ಮೊದಲು ಹೆಂಗಸರು ಮತ ಹಾಕುವುದು ತೀರಾ ಅಪರೂಪ, ಆದರೆ ಅವರನ್ನು ಕಾಯ್ದೆಯ ಅಕ್ಷರದಲ್ಲೇ ಹೊರಗಿಟ್ಟಿದ್ದು ಆಗಲೇ. ಒಂದೇ ಕಾಗದ, ಕೆಲವರಿಗೆ ಬಾಗಿಲು ತೆರೆಯಿತು, ಇನ್ನು ಕೆಲವರಿಗೆ ಚಿಲಕ ಹಾಕಿತು.

ಈಗ ಅದೇ ದೇಶದಲ್ಲಿ ಈ ಪದ ಒಂದು ಪಕ್ಷದ ಹೆಸರು. ನೈಜಲ್ ಫರಾಜ್ ಅವರ ಬ್ರೆಕ್ಸಿಟ್ ಪಾರ್ಟಿ 2021ರಲ್ಲಿ ರಿಫಾರ್ಮ್ ಯುಕೆ ಆಯಿತು. ವಲಸೆ ನಿಲ್ಲಿಸಬೇಕು ಅನ್ನುವುದು ಅವರ ದೊಡ್ಡ ಘೋಷಣೆ. 2024ರ ಚುನಾವಣೆಯಲ್ಲಿ ಶೇ 14.3ರಷ್ಟು ಮತ ಬಿತ್ತು, 650ರಲ್ಲಿ ಸಿಕ್ಕಿದ್ದು 5 ಸೀಟು. ಮುಂದಿನ ವರ್ಷ ಸ್ಥಳೀಯ ಚುನಾವಣೆಗಳಲ್ಲಿ 10 ಕೌನ್ಸಿಲ್‌ಗಳ ಅಧಿಕಾರವೇ ಕೈಗೆ ಬಂತು. ಬಾಲ್ಟಿಕ್ ಸಮುದ್ರದ ದಡದ ಎಸ್ಟೋನಿಯಾದಲ್ಲೂ ಒಂದು ರಿಫಾರ್ಮ್ ಪಾರ್ಟಿ ಇದೆ, 1994ರದ್ದು. ಅದು ಯುರೋಪಿಯನ್ ಒಕ್ಕೂಟದ ಕಟ್ಟಾ ಪರ. ಅದರ ನಾಯಕಿಯಾಗಿದ್ದ ಕಾಯಾ ಕಲ್ಲಾಸ್ ಈಗ ಒಕ್ಕೂಟದ ವಿದೇಶಾಂಗ ವ್ಯವಹಾರ ನೋಡಿಕೊಳ್ಳುತ್ತಾರೆ. ಒಂದು ರಿಫಾರ್ಮ್ ಒಕ್ಕೂಟದಿಂದ ಹೊರಗೆ ಬರಲು ಹುಟ್ಟಿದ್ದು, ಇನ್ನೊಂದು ಒಕ್ಕೂಟದ ಒಳಗೆ ಹೋಗಿ ಕೂತಿದ್ದು.

ಸ್ವಲ್ಪ ರಾಜಕೀಯ ಬಿಟ್ಟು ಬೀದಿಗೆ ಬರೋಣ. ಪದದ ನಿಜ ಬಣ್ಣ ಅಲ್ಲಿ ಜಾಸ್ತಿ ಕಾಣುತ್ತದೆ.

ಸ್ಪೇನಿನಲ್ಲಿ ಮುಚ್ಚಿದ ಅಂಗಡಿಯ ಷಟರ್ ಮೇಲೆ ‘ಸೆರಾದೊ ಪೋರ್ ರೆಫೋರ್ಮಾಸ್’ ಅಂತ ಚೀಟಿ ಅಂಟಿಸಿರುತ್ತಾರೆ. ಕ್ರಾಂತಿ ಏನೂ ಆಗಿಲ್ಲ, ಒಳಗೆ ಟೈಲ್ಸ್ ಹಾಕಿಸುತ್ತಿದ್ದಾರೆ, ಅಷ್ಟೆ. ಜರ್ಮನಿಯಲ್ಲಿ ‘ರೆಫಾರ್ಮ್‌ಹೌಸ್’ ಅಂದರೆ ಸಿರಿಧಾನ್ಯ, ಗಿಡಮೂಲಿಕೆ ಚಹಾ ಮಾರುವ ಅಂಗಡಿ. 1900ರ ಹೊತ್ತಿಗೆ ಅಲ್ಲಿ ‘ಬದುಕಿನ ರಿಫಾರ್ಮ್’ ಅಂತ ಒಂದು ಅಲೆ ಎದ್ದಿತ್ತು. ಮಾಂಸ ಬಿಡಿ, ಬಿಸಿಲಿಗೆ ಮೈಯೊಡ್ಡಿ, ಹೆಂಗಸರು ಸೊಂಟ ಬಿಗಿಯುವ ಕಾರ್ಸೆಟ್ ಕಿತ್ತೆಸೆಯಿರಿ ಅಂತ. ಆ ಸಡಿಲ ಬಟ್ಟೆಗಳಿಗೂ ರಿಫಾರ್ಮ್ ಅಂತಲೇ ಹೆಸರು. ಅದು ಪೋಲೆಂಡಿಗೆ ಹೋಗಿ ‘ರೆಫೋರ್ಮಿ’ ಅಂದರೆ ಹೆಂಗಸರು ಚಳಿಗೆ ಹಾಕುವ ಉದ್ದ ಒಳಚಡ್ಡಿ ಆಯಿತು. ಪೋಲೆಂಡಿನವರು 1990ರಲ್ಲಿ ಹಣಕಾಸು ಸಚಿವ ಬಾಲ್ಸೆರೋವಿಚ್ ತಂದ ಆರ್ಥಿಕ ಸುಧಾರಣೆಗಳಿಗೂ ಅದೇ ಬಹುವಚನ ಬಳಸಬೇಕು. ಅಜ್ಜಿಯರಿಗೆ ಕೇಳಿದಾಗ ಏನನ್ನಿಸುತ್ತಿತ್ತೋ!

ಫ್ರಾನ್ಸಿನಲ್ಲಿ ಇದು ಇನ್ನೂ ಖಾರ. ಸೇನೆಗೆ ಲಾಯಕ್ಕಿಲ್ಲ ಅಂತ ವಾಪಸ್ ಕಳಿಸಿದ ಹುಡುಗ ‘ರೆಫಾರ್ಮೆ’. ಕಚೇರಿಯಲ್ಲಿ ಹಳೆಯದಾಗಿ ಪಟ್ಟಿಯಿಂದ ತೆಗೆದ ಸಾಮಾನೂ ರೆಫಾರ್ಮೆ. ಹಾಲು ಬತ್ತಿದ ಹಸುವನ್ನು ಹಿಂಡಿನಿಂದ ಬೇರೆ ಮಾಡಿ ಕಸಾಯಿಖಾನೆಗೆ ಸಾಗಿಸುತ್ತಾರಲ್ಲ, ಅದಕ್ಕೆ ‘ವಾಷ್ ದ ರೆಫಾರ್ಮ್’ ಅನ್ನುತ್ತಾರೆ. ರಿಫಾರ್ಮಿನ ಹಸು. ಹಳ್ಳಿಯಲ್ಲಿ ಬೆಳೆದ ಫ್ರೆಂಚ್ ರೈತನಿಗೆ ಈ ಪದ ಕೇಳಿದ ಕೂಡಲೇ ಯಾವ ಚಿತ್ರ ಬರಬಹುದು ಯೋಚಿಸಿ.

ಪೋರ್ಚುಗಲ್‌ನಲ್ಲಿ ತಲೆಕೆಳಗು. ಅಲ್ಲಿ ‘ರೆಫೋರ್ಮಾ’ ಅಂದರೆ ನಿವೃತ್ತಿ, ಪಿಂಚಣಿ. ‘ರೆಫೋರ್ಮಾದು’ ಅಂದರೆ ಪಾರ್ಕ್ ಬೆಂಚಿನ ಮೇಲೆ ಇಸ್ಪೀಟ್ ಆಡುತ್ತಾ ಕೂತ ತಾತ. 2025ರಲ್ಲಿ ಅಲ್ಲಿನ ನಿವೃತ್ತಿ ವಯಸ್ಸು 66 ವರ್ಷ 7 ತಿಂಗಳು, 2026ಕ್ಕೆ 66 ವರ್ಷ 9 ತಿಂಗಳು. ಜನರ ಆಯಸ್ಸು ಹೆಚ್ಚಾದ ಹಾಗೆ ತಾನಾಗಿ ಏರುವ ಲೆಕ್ಕ. ಅಂದರೆ ಪಿಂಚಣಿ ಸುಧಾರಣೆಯನ್ನು ಪೋರ್ಚುಗೀಸಿನಲ್ಲಿ ನೇರವಾಗಿ ಹೇಳಲು ಹೋದರೆ ‘ರಿಫಾರ್ಮಿನ ರಿಫಾರ್ಮ್’ ಆಗುತ್ತದೆ. ಮೊದಲನೆಯದು ಜನ ಕಾಯುವುದು, ಎರಡನೆಯದು ಜನ ಹೆದರುವುದು.

ಈ ಹೆದರಿಕೆ ಎಲ್ಲಿಂದ ಬಂತು? ರಷ್ಯನ್ನರನ್ನು ಕೇಳಿದರೆ ದೊಡ್ಡ ಪಟ್ಟಿಯೇ ಇದೆ. 1861ರಲ್ಲಿ ಜೀತದ ರೈತರನ್ನು ಬಿಡುಗಡೆ ಮಾಡಿದ್ದನ್ನು ಅಲ್ಲಿ ‘ಮಹಾ ರೆಫೋರ್ಮಾ’ ಅನ್ನುತ್ತಾರೆ. ಬಿಡುಗಡೆ ಏನೋ ಸಿಕ್ಕಿತು, ಆದರೆ ತಾವೇ ಉಳುತ್ತಿದ್ದ ಭೂಮಿಗೆ 49 ವರ್ಷ ಕಂತು ಕಟ್ಟಬೇಕು ಅಂತ ಷರತ್ತು. 1905ರ ದಂಗೆಯ ಬಿಸಿ ತಟ್ಟಿದ ಮೇಲೆ 1907ರಿಂದ ಆ ಕಂತು ನಿಂತಿತು. 1947ರ ಡಿಸೆಂಬರಿನ ‘ಹಣದ ರೆಫೋರ್ಮಾ’ದಲ್ಲಿ ಕೈಯಲ್ಲಿದ್ದ 10 ಹಳೆ ರೂಬಲ್‌ಗೆ 1 ಹೊಸ ರೂಬಲ್ ಕೊಟ್ಟರು. 1991ರ ಜನವರಿ 22ರಂದು ರಾತ್ರಿ ಟಿವಿಯಲ್ಲಿ ಘೋಷಣೆ: 50 ಮತ್ತು 100 ರೂಬಲ್‌ನ ಹಳೆ ನೋಟು ಇನ್ನು ನಡೆಯುವುದಿಲ್ಲ, ಬದಲಿಸಿಕೊಳ್ಳಲು ಮೂರು ದಿನ. 2016ರ ನವೆಂಬರ್ 8ರ ರಾತ್ರಿ ಎಂಟು ಗಂಟೆ ನೆನಪಿರುವ ನಮಗೆ ಆ ಕ್ಯೂ ಹೇಗಿತ್ತು ಅಂತ ಬಿಡಿಸಿ ಹೇಳಬೇಕಿಲ್ಲ. ಸೋವಿಯತ್ ಒಕ್ಕೂಟದ ಕೊನೆಯ ನಾಯಕ ಗೋರ್ಬಚೆವ್ ತಮ್ಮ ಕಾರ್ಯಕ್ರಮಕ್ಕೆ ಬಾವುಟವಾಗಿ ಹಿಡಿದಿದ್ದು ‘ಪೆರೆಸ್ತ್ರೋಯ್ಕಾ’ ಎಂಬ ಅಚ್ಚ ರಷ್ಯನ್ ಮಾತನ್ನು. ಮತ್ತೆ ಕಟ್ಟುವುದು ಅಂತ ಅರ್ಥ.

ಜರ್ಮನ್ನರದು ಬೇರೆ ಕತೆ. 1997ರಲ್ಲಿ ಅಲ್ಲಿ ವರ್ಷದ ಪದವಾಗಿ ಆಯ್ಕೆಯಾಗಿದ್ದು ‘ರೆಫಾರ್ಮ್‌ಷ್ಟೌ’. ‘ಷ್ಟೌ’ ಅಂದರೆ ಟ್ರಾಫಿಕ್ ಜಾಮ್. ಸುಧಾರಣೆಗಳು ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಸಿಕ್ಕಿಹಾಕಿಕೊಂಡ ಹಾಗೆ. ಆಗ ಜನ, ಪತ್ರಿಕೆಗಳು, ಉದ್ಯಮಿಗಳು ಎಲ್ಲರದೂ ಇದೇ ದೂರು. ಜಾಮ್ ಬಿಡಿಸಲು ಹೊರಟವರು ಎಡಪಂಥದ ಚಾನ್ಸಲರ್ ಶ್ರೋಡರ್. 2003ರ ಮಾರ್ಚ್ 14ರಂದು ‘ಅಜೆಂಡಾ 2010’ ಘೋಷಿಸಿದರು. ಫೋಕ್ಸ್‌ವ್ಯಾಗನ್ ಕಂಪನಿಯ ಪೀಟರ್ ಹಾರ್ಟ್ಸ್ ಅವರ ಸಮಿತಿ ಕೊಟ್ಟ ಸಲಹೆಯ ಮೇಲೆ ನಿರುದ್ಯೋಗ ಭತ್ಯೆ ಬದಲಾಯಿತು. ಭತ್ಯೆಯ ಮೊದಲ ಅವಧಿ ಮುಗಿದವರಿಗೆ 2005ರ ಜನವರಿಯಿಂದ ತಿಂಗಳಿಗೆ ಇಷ್ಟೇ ಅಂತ ಒಂದೇ ಮೊತ್ತ: ಪಶ್ಚಿಮದಲ್ಲಿ 345 ಯೂರೊ, ಪೂರ್ವದಲ್ಲಿ 331. ಮೂವತ್ತು ವರ್ಷ ದುಡಿದವನಿಗೂ ಅಷ್ಟೇ, ಕೆಲಸವನ್ನೇ ಮಾಡದವನಿಗೂ ಅಷ್ಟೇ. ‘ಹಾರ್ಟ್ಸ್ 4’ ಅನ್ನುವ ಅದರ ಹೆಸರು ಬೈಗುಳವೇ ಆಗಿಹೋಯಿತು. 2009ರಲ್ಲಿ ಯುವಕರ ವರ್ಷದ ಪದ ‘ಹಾರ್ಟ್ಸೆನ್’, ಅಂದರೆ ಕೆಲಸ ಇಲ್ಲದೆ ಬಿದ್ದುಕೊಂಡಿರುವುದು. ಆ ಬದಲಾವಣೆಯಿಂದ ನಿರುದ್ಯೋಗ ಇಳಿಯಿತು ಅನ್ನುವವರು ಇದ್ದಾರೆ, ಕಡಿಮೆ ಕೂಲಿಯ ಕೆಲಸ ಹೆಚ್ಚಾಯಿತು ಅನ್ನುವವರೂ ಇದ್ದಾರೆ. ಆ ವಾದ ಮುಗಿಯುವಂಥದ್ದಲ್ಲ. 2025ರಲ್ಲಿ ಚಾನ್ಸಲರ್ ಮೆರ್ಟ್ಸ್ ‘ಸುಧಾರಣೆಗಳ ಶರತ್ಕಾಲ’ ಅಂದಾಗ ಜನ ಎದೆ ಹಿಡಿದುಕೊಂಡಿದ್ದು ಯಾಕೆ ಅಂತ ಗೊತ್ತಾಗುತ್ತದೆ, ಅಷ್ಟು ಸಾಕು.

ಈಗ ಪ್ಯಾರಿಸ್‌ನ ಕಸಕ್ಕೆ ವಾಪಸ್ ಬರುತ್ತೇನೆ.

1982ರಲ್ಲಿ ಅಧ್ಯಕ್ಷ ಮಿತೆರಾಂ ಅವರ ಸಮಾಜವಾದಿ ಸರ್ಕಾರ ನಿವೃತ್ತಿ ವಯಸ್ಸನ್ನು 65ರಿಂದ 60ಕ್ಕೆ ಇಳಿಸಿತು. ಅದಕ್ಕೆ ಹೆಸರು ರೆಫಾರ್ಮ್. 1995ರಲ್ಲಿ ಪ್ರಧಾನಿ ಜುಪ್ಪೆ ಸರ್ಕಾರಿ ನೌಕರರ ಪಿಂಚಣಿಗೆ ಕೈ ಹಾಕಿದರು. ಮೂರು ವಾರ ರೈಲು, ಮೆಟ್ರೊ ನಿಂತವು, ಆ ಭಾಗವನ್ನು ಕೈಬಿಟ್ಟರು. ಅದೂ ರೆಫಾರ್ಮ್. 2010ರಲ್ಲಿ ಸರ್ಕೋಜಿ ಕಾಲದಲ್ಲಿ 60 ಹೋಗಿ 62 ಆಯಿತು. ರೆಫಾರ್ಮ್. 2023ರಲ್ಲಿ ಮ್ಯಾಕ್ರೋನ್ ಸರ್ಕಾರ 64 ಅಂದಿತು. ಪ್ಯಾರಿಸ್‌ನ ಕಸದ ಕೆಲಸಗಾರರು 57ಕ್ಕೆ ಮನೆಗೆ ಹೋಗಬಹುದಿತ್ತು, ಅದು 59 ಆಗುತ್ತಿತ್ತು. ಬೆಳಗಿನ ಜಾವ ಎದ್ದು ಡಬ್ಬ ಎತ್ತಿ ಸೊಂಟ ಹೋದವರಿಗೆ ಎರಡು ವರ್ಷ ಅಂದರೆ ಎಷ್ಟು ಅಂತ ಲೆಕ್ಕದ ಹಾಳೆಯಲ್ಲಿ ಕಾಣುವುದಿಲ್ಲ. ಮಾರ್ಚ್ 16ರಂದು ಪ್ರಧಾನಿ ಬೋರ್ನ್ ಸಂವಿಧಾನದ 49.3ನೇ ವಿಧಿ ಬಳಸಿ, ಕೆಳಮನೆಯಲ್ಲಿ ಮತಕ್ಕೆ ಹಾಕದೆಯೇ ಮಸೂದೆ ದಾಟಿಸಿದರು. ನಾಲ್ಕು ದಿನದ ನಂತರ ಅವಿಶ್ವಾಸ ಗೊತ್ತುವಳಿ ಬಿದ್ದಿದ್ದು ಬರೀ 9 ಮತದ ಕೊರತೆಯಿಂದ.

ಲೆಕ್ಕ ಸುಳ್ಳಲ್ಲ, ಅದನ್ನೂ ಹೇಳಬೇಕು. ಜನ ಜಾಸ್ತಿ ವರ್ಷ ಬದುಕುತ್ತಿದ್ದಾರೆ. ಒಬ್ಬ ಪಿಂಚಣಿದಾರನಿಗೆ ದುಡಿದು ಕೊಡುವವರ ಸಂಖ್ಯೆ ಇಳಿಯುತ್ತಿದೆ. ದುಡ್ಡು ಎಲ್ಲಿಂದಲೋ ಬರಬೇಕು. ಆದರೆ ‘ಎರಡು ವರ್ಷ ಜಾಸ್ತಿ ದುಡಿಯಿರಿ’ ಅಂತ ಹೇಳುವುದು ಬೇರೆ, ‘ರೆಫಾರ್ಮ್ ಮಾಡುತ್ತಿದ್ದೇವೆ’ ಅಂತ ಹೇಳುವುದು ಬೇರೆ. ಮೊದಲನೆಯದಕ್ಕೆ ಯಾಕೆ, ಯಾರು, ಬೇರೆ ದಾರಿ ಇಲ್ಲವೇ ಅಂತ ಪ್ರಶ್ನೆ ಬರುತ್ತದೆ. ಎರಡನೆಯದನ್ನು ವಿರೋಧಿಸುವವರು ಹುಟ್ಟಾ ಹಳೆ ಕಾಲದವರ ಹಾಗೆ ಕಾಣುತ್ತಾರೆ. ಫ್ರೆಂಚರು ಸುಧಾರಣೆಗಳನ್ನು ದ್ವೇಷಿಸುತ್ತಾರೆ ಅಂತ ಮ್ಯಾಕ್ರೋನ್ 2017ರಲ್ಲೇ ಬುಕಾರೆಸ್ಟ್‌ನಲ್ಲಿ ಹೇಳಿದ್ದರು. 60ಕ್ಕೆ ಇಳಿಸಿದ ಸುಧಾರಣೆಯನ್ನು ದ್ವೇಷಿಸಿದ ಫ್ರೆಂಚ್ ಕೂಲಿಕಾರ ಮಾತ್ರ ನನ್ನ ಓದಿನಲ್ಲಿ ಸಿಕ್ಕಿಲ್ಲ. 2025ರ ಅಕ್ಟೋಬರಿನಲ್ಲಿ ಪ್ರಧಾನಿ ಲೆಕೊರ್ನು, ಸರ್ಕಾರ ಉಳಿಸಿಕೊಳ್ಳಲು, 2027ರ ಅಧ್ಯಕ್ಷರ ಚುನಾವಣೆ ಮುಗಿಯುವವರೆಗೆ ಇದನ್ನು ತಡೆಹಿಡಿಯುವುದಾಗಿ ಹೇಳಿದರು. ವಯಸ್ಸು ಸದ್ಯ 62 ವರ್ಷ 9 ತಿಂಗಳಲ್ಲಿ ನಿಂತಿದೆ.

ನ್ಯಾಯಾಲಯದವರು ಈ ವಿಷಯದಲ್ಲಿ ರಾಜಕಾರಣಿಗಳಿಗಿಂತ ನೇರ. ಯುರೋಪಿನ ಅನೇಕ ದೇಶಗಳ ಕಾನೂನಿನಲ್ಲಿ ‘ರೆಫೊರ್ಮಾತಿಯೊ ಇನ್ ಪೇಯುಸ್’ ಅಂತ ಒಂದು ಹಳೆಯ ಲ್ಯಾಟಿನ್ ಮಾತಿದೆ. ಕೆಟ್ಟದ್ದರ ಕಡೆಗೆ ರಿಫಾರ್ಮ್ ಅಂತ ಅರ್ಥ. ಒಬ್ಬ ಆರೋಪಿ ತಾನೊಬ್ಬನೇ ಮೇಲ್ಮನವಿ ಹಾಕಿದ್ದರೆ, ಮೇಲಿನ ಕೋರ್ಟು ಅವನ ಶಿಕ್ಷೆಯನ್ನು ಇನ್ನೂ ಜಾಸ್ತಿ ಮಾಡುವ ಹಾಗಿಲ್ಲ. ರಿಫಾರ್ಮ್ ಕೆಟ್ಟದ್ದೂ ಆಗಬಹುದು ಅಂತ ವಕೀಲರು ಮೊದಲೇ ಒಪ್ಪಿಕೊಂಡು, ಅದಕ್ಕೊಂದು ಹೆಸರಿಟ್ಟು, ಬೇಲಿ ಹಾಕಿದ್ದಾರೆ. ಪಾರ್ಲಿಮೆಂಟಿನಲ್ಲಿ ಅಂಥ ಬೇಲಿ ಇಲ್ಲ.

ಇದರ ಜೊತೆಗೆ ಈಗ ದುಡ್ಡೂ ಸೇರಿದೆ. ಕೋವಿಡ್ ನಂತರ ಒಕ್ಕೂಟ 72,380 ಕೋಟಿ ಯೂರೊಗಳ ಚೇತರಿಕೆ ನಿಧಿ ಮಾಡಿತು. ಸುಮ್ನೆ ಕೊಡುವುದಿಲ್ಲ. ಪ್ರತಿ ದೇಶವೂ ಯಾವ ಯಾವ ರಿಫಾರ್ಮ್ ಮಾಡುತ್ತೇನೆ ಅಂತ ಪಟ್ಟಿ ಬರೆದು ಕೊಡಬೇಕು. ಮೈಲಿಗಲ್ಲು ಮುಟ್ಟಿದರೆ ಕಂತು ಬಿಡುಗಡೆ. ಕೊನೆಯ ಮೈಲಿಗಲ್ಲಿಗೆ ಗಡುವು 2026ರ ಆಗಸ್ಟ್ 31. ಪದ ಈಗ ಬಿಲ್ಲಿನ ಜೊತೆ ಲಗತ್ತಿಸುವ ರಸೀದಿ ಆಗಿದೆ. ಗ್ರೀಸಿನವರಿಗೆ ಇದು ಹೊಸದಲ್ಲ. 2010ರಿಂದ 2018ರವರೆಗೆ ಸಾಲದ ಒಂದೊಂದು ಕಂತಿಗೂ ಅವರು ಇಂಥ ಪಟ್ಟಿ ಮುಗಿಸುತ್ತಾ ಬಂದವರು. ಅಜ್ಜಂದಿರ ಪಿಂಚಣಿ ಮತ್ತೆ ಮತ್ತೆ ಕತ್ತರಿಸಿದ್ದು ಆ ಪಟ್ಟಿಯಲ್ಲಿತ್ತು.

ಸ್ಪೇನಿನ ಪಟ್ಟಿಯಲ್ಲಿ ಕಾರ್ಮಿಕ ಕಾನೂನಿನ ರಿಫಾರ್ಮ್ ಇತ್ತು. ಅಲ್ಲಿ 2012ರಲ್ಲಿ ಬಲಪಂಥದ ಸರ್ಕಾರ ಒಂದು ‘ರೆಫೋರ್ಮಾ ಲಬೊರಾಲ್’ ತಂದಿತ್ತು. ಕಾರಣವಿಲ್ಲದೆ ಕೆಲಸದಿಂದ ತೆಗೆದರೆ ಸೇವೆಯ ಪ್ರತಿ ವರ್ಷಕ್ಕೆ 45 ದಿನದ ಸಂಬಳ ಪರಿಹಾರ ಕೊಡಬೇಕಿತ್ತು. ಅದನ್ನು 33 ದಿನಕ್ಕೆ ಇಳಿಸಿತ್ತು. ಹತ್ತು ವರ್ಷದ ನಂತರ ಎಡಪಂಥದ ಸರ್ಕಾರ ಇನ್ನೊಂದು ‘ರೆಫೋರ್ಮಾ ಲಬೊರಾಲ್’ ತಂದಿತು. ತಾತ್ಕಾಲಿಕ ಗುತ್ತಿಗೆಗಳಿಗೆ ಕಡಿವಾಣ, ಕಾರ್ಮಿಕ ಸಂಘಗಳ ಒಪ್ಪಂದಕ್ಕೆ ಮತ್ತೆ ಬಲ. ಹೆಸರು ಒಂದೇ, ಬಂಡಿ ಮಾತ್ರ ಎದುರು ದಿಕ್ಕಿಗೆ.

2022ರ ಫೆಬ್ರುವರಿ 3ರಂದು ಅದು ಮತಕ್ಕೆ ಬಂತು. ಬೆಂಬಲ ಕೊಡುತ್ತೇವೆ ಅಂದಿದ್ದ ಸಣ್ಣ ಪಕ್ಷದ ಇಬ್ಬರು ಸಂಸದರು ಕೊನೇ ಗಳಿಗೆಯಲ್ಲಿ ಕೈಕೊಟ್ಟರು. ಸರ್ಕಾರ ಸೋತ ಹಾಗೇ. ಸ್ಪೀಕರ್ ಕೂಡ ಮೊದಲು ಬಿದ್ದುಹೋಯಿತು ಅಂತ ಓದಿದರು. ವಿರೋಧ ಪಕ್ಷದ ಬೆಂಚುಗಳಲ್ಲಿ ಚಪ್ಪಾಳೆ. ಚಪ್ಪಾಳೆ ಮುಗಿಯುವ ಮೊದಲೇ ತಿದ್ದುಪಡಿ: ಇಲ್ಲ, ಗೆದ್ದಿದೆ. 175ಕ್ಕೆ 174. ಏನಾಗಿತ್ತೆಂದರೆ, ಹುಷಾರಿಲ್ಲ ಅಂತ ಕಂಪ್ಯೂಟರಿನಲ್ಲಿ ಮತ ಹಾಕಿದ ವಿರೋಧ ಪಕ್ಷದ ಸಂಸದರೊಬ್ಬರು ‘ಬೇಡ’ ಅನ್ನುವ ಬದಲು ‘ಬೇಕು’ ಒತ್ತಿದ್ದರು. ಗೊತ್ತಾದ ಕೂಡಲೇ ಸಂಸತ್ತಿಗೆ ಓಡಿ ಬಂದರು, ಮತ್ತೆ ಮತ ಹಾಕಲು ಬಿಡಲಿಲ್ಲ. ಎಷ್ಟೋ ಲಕ್ಷ ಜನರ ಕೆಲಸದ ಕರಾರು ಒಬ್ಬರ ಬೆರಳು ಜಾರಿದ್ದರಿಂದ ಬದಲಾಯಿತು. ಇವತ್ತಿಗೂ ಆ ಕಾನೂನು ನಡೆಯುತ್ತಿದೆ.

ನಮ್ಮಲ್ಲೂ ಈ ಎದುರುಬದುರು ಬಂಡಿ ಇದೆ. 1974ರಲ್ಲಿ ದೇವರಾಜ ಅರಸು ಕಾಲದಲ್ಲಿ ಬಲ ತುಂಬಿಕೊಂಡಿದ್ದು ಕರ್ನಾಟಕ ಭೂ ಸುಧಾರಣೆ ಕಾಯ್ದೆ. ಉಳುವವನೇ ಹೊಲದೊಡೆಯ. ಗೇಣಿದಾರ ನ್ಯಾಯಮಂಡಳಿ ಮುಂದೆ ನಿಂತು ಭೂಮಿ ತನ್ನದು ಅನ್ನಬಹುದಿತ್ತು. 2020ರಲ್ಲಿ ಅದೇ ಕಾಯ್ದೆಗೆ ತಿದ್ದುಪಡಿ ಬಂತು. ಕೃಷಿಕರಲ್ಲದವರು ಕೃಷಿಭೂಮಿ ಕೊಳ್ಳಬಾರದು ಅನ್ನುವ 79ಎ, 79ಬಿ ಕಲಮುಗಳು ಹೋದವು. ಅದು ಸರಿಯೋ ತಪ್ಪೋ ಅನ್ನುವುದಕ್ಕೆ ಇನ್ನೊಂದು ಲೇಖನ ಬೇಕು. ಹೊದಿಕೆಯ ಮೇಲಿನ ಹೆಸರು ಮಾತ್ರ ಎರಡೂ ಸಲ ‘ಭೂ ಸುಧಾರಣೆ’ಯೇ. ಫ್ರೆಂಚಿನಂತೆ ನಮ್ಮಲ್ಲೂ ಪದ ಯಾವ ಕಡೆಗೆ ಅಂತ ಹೇಳುವುದಿಲ್ಲ. ಜೊತೆಗೆ ನಮ್ಮ ಪದದಲ್ಲಿ ಕಿವಿಗೆ ‘ಸು’ ಬೇರೆ ಕೇಳುತ್ತದೆ. ಕೇಳಿದ ಕೂಡಲೇ ಒಳ್ಳೆಯದೇ ಇರಬೇಕು ಅನ್ನಿಸುತ್ತದೆ. ಪುಟ ಮಾಡುವ ಹುಡುಗನಿಗೆ ಅನ್ನಿಸಿದ ಹಾಗೆ.

ಆದರೆ ಅದೇ ಮಾತು ಅಡುಗೆಮನೆಯಲ್ಲಿ ಬೇರೆ. ಬಿಸಿಲಲ್ಲಿ ಬಂದವರಿಗೆ ‘ಸ್ವಲ್ಪ ಸುಧಾರಿಸ್ಕೊಳ್ಳಿ’ ಅಂತ ನೀರು ಕೊಡುತ್ತೇವೆ. ಅದು ಪೋರ್ಚುಗೀಸರ ರೆಫೋರ್ಮಾ ಥರ, ವಿಶ್ರಾಂತಿ. ಅಮ್ಮ ‘ಇವತ್ತು ಪಲ್ಯ ಮಾಡಿಲ್ಲ, ಸಾರಲ್ಲೇ ಸುಧಾರಿಸ್ಕೊಳ್ಳಿ’ ಅಂದರೆ ಇದ್ದಷ್ಟರಲ್ಲಿ ಸಾಗಿಸಿ ಅಂತ. ಗ್ರೀಸಿನ ಅಜ್ಜನಿಗೆ, ಬರ್ಲಿನ್ನಿನ ನಿರುದ್ಯೋಗಿಗೆ, ಪ್ಯಾರಿಸ್ಸಿನ ಕಸದ ಕೆಲಸಗಾರನಿಗೆ ಸರ್ಕಾರಗಳು ಹೇಳಿದ್ದನ್ನು ಇದಕ್ಕಿಂತ ಸರಿಯಾಗಿ ಅನುವಾದ ಮಾಡಲು ನನಗೆ ಬರುವುದಿಲ್ಲ. ಅಮ್ಮ ಮಾತ್ರ ಪಲ್ಯ ಇಲ್ಲ ಅಂತ ಮೊದಲೇ ಹೇಳಿರುತ್ತಾಳೆ.

ಈಗ ನಾನು ಶೀರ್ಷಿಕೆಯಲ್ಲಿ ಸಾಧ್ಯವಾದಷ್ಟು ಆ ಪದ ಬಿಡುತ್ತೇನೆ. ‘ನಿವೃತ್ತಿ ವಯಸ್ಸು 64ಕ್ಕೆ: ಪ್ಯಾರಿಸ್‌ನಲ್ಲಿ ಮುಷ್ಕರ’. ‘ಕೆಲಸದಿಂದ ತೆಗೆದರೆ ಪರಿಹಾರ ಕಡಿಮೆ’. ಮೂರು ಕಾಲಂಗೆ ಹಿಡಿಸುವುದಿಲ್ಲ, ಫಾಂಟ್ ಚಿಕ್ಕದು ಮಾಡಬೇಕು ಅಂತ ಆ ಹುಡುಗ ಗೊಣಗುತ್ತಾನೆ. ಮೊನ್ನೆ ಅವನೇ ಹೇಳಿದ: ‘ಸಾರ್, ಸುಧಾರಣೆ ಅಂತಲೇ ಹಾಕಿ, ಒಂದೇ ಸಾಲಲ್ಲಿ ಕೂತ್ಕೊಳ್ಳುತ್ತೆ.’